ಕಾಗೆ ಬಾರದ ಅಂಗಳ

ಎಡೆ ಇಟ್ಟು ಒಂದೂವರೆ ಗಂಟೆ ಕಳೆದಿತ್ತು. ಒಂದು ಕಾಗೆಯೂ ಬರಲಿಲ್ಲ.

ಕಾಪುವಿನ ಕಡಲ ಬದಿಯಲ್ಲಿ ಕಾಗೆಗಳಿಗೆ ಎಂದೂ ಕೊರತೆಯಿರಲಿಲ್ಲ. ಮೀನು ಒಣಗಲು ಹಾಕಿದರೆ ಪಕ್ಕದಲ್ಲಿ ಕೋಲು ಹಿಡಿದು ಒಬ್ಬರು ಕೂರಲೇಬೇಕಿತ್ತು. ಆದರೆ ೧೯೮೩ರ ಏಪ್ರಿಲ್‌ನ ಕೊನೆಯ ಶನಿವಾರ, ಹೂವಪ್ಪ ಸತ್ತ ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಗೆ ಜನ ಸೇರಿದ್ದಾಗ, ಅವನ ಅಂಗಳದ ಮೇಲಿನ ಆಕಾಶ ಬರಿದಾಗಿತ್ತು. ಬಾಳೆಲೆಯ ಮೇಲೆ ಅನ್ನ ಒಣಗುತ್ತಿತ್ತು. ಪೋಸ್ಟ್‌ಮ್ಯಾನ್ ವಿಠಲ ಒದ್ದೆ ಪಂಚೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ತಟ್ಟಿ ಕರೆದ. ಹೂವಪ್ಪನ ಒಬ್ಬನೇ ಮಗ ಶೀನ ಮೂರು ವರ್ಷದ ಹಿಂದೆ ದೋಣಿ ಮುಳುಗಿ ಸತ್ತಿದ್ದ. ಶೀನನ ಜೀವದ ಗೆಳೆಯನಾಗಿದ್ದ ವಿಠಲನೇ ಈಗ ಮುದುಕನ ಕ್ರಿಯೆಗೆ ಕೂತಿದ್ದ.

ಎರಡು ಮನೆ ಆಚೆಗಿನ ತೆಂಗಿನ ಮರದಲ್ಲಿ ಇಪ್ಪತ್ತು ಮೂವತ್ತು ಕಾಗೆಗಳಿದ್ದವು. ಎಲ್ಲವೂ ಇತ್ತ ಮುಖ ಮಾಡಿ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಬೇಲಿ ದಾಟಲಿಲ್ಲ.

"ಅವನಿಗೆ ಎಂತದೋ ಆಸೆ ಉಳಿದಿದೆ" ಎಂದು ಹಿಂದಿನಿಂದ ಒಬ್ಬ ಅಜ್ಜಿ ಪಿಸುಗುಟ್ಟಿದಳು.

"ಆಸೆಯೂ ಅಲ್ಲ, ಎಂತದೂ ಅಲ್ಲ" ಎಂದ ಚೆನ್ನಪ್ಪ. ಹೂವಪ್ಪನ ತಂಗಿ ರತ್ನಾವತಿಯ ಗಂಡ, ಎರಡು ದೋಣಿಗಳ ಧಣಿ. "ಆ ವಿಷದ ಗುಂಡಿ ತೋಡಿದ್ದೇ ತಪ್ಪಾಯಿತು. ಮುಚ್ಚಿದರೂ ಅದರ ಗಾಳಿ ಊರನ್ನು ಬಿಡುವುದಿಲ್ಲ. ಗಾಳಿಯಲ್ಲೇ ವಿಷ ಇರುವಾಗ ಕಾಗೆ ಎಲ್ಲಿಂದ ಬರಬೇಕು?"

ನಲವತ್ತು ಜೊತೆ ಕಣ್ಣುಗಳು ವಿಠಲನತ್ತ ತಿರುಗಿದವು. ಆ ಗುಂಡಿ ಅವನದೇ ಕೆಲಸವಾಗಿತ್ತು.

ಹಿಂದಿನ ಮಳೆಗಾಲದಲ್ಲಿ ಕೀಟನಾಶಕ ಮದ್ದಿನ ಡಬ್ಬಿ ನೆಕ್ಕಿ ಮೂರು ದನ ಸತ್ತ ಮೇಲೆ, ಕಡಲ ಬದಿಯವರೂ ಇನ್ನಂಜೆಯ ಗದ್ದೆಯವರೂ ಸೇರಿ ಒಂದು ಸಮಿತಿ ಮಾಡಿದ್ದರು. ವಿಠಲ ಅದರ ಕಾರ್ಯದರ್ಶಿ. ಏಪ್ರಿಲ್‌ನ ಒಂದು ಭಾನುವಾರ ಮನೆಮನೆಯಿಂದ ಹಳೆ ಕಾಗದ, ಬಾಟಲಿ, ಕಬ್ಬಿಣ ಸಂಗ್ರಹಿಸಿ ಗುಜರಿಗೆ ಕಳಿಸಿದರು. ಮರು ಭಾನುವಾರ ಹಳೆಯ ಔಷಧಿ ಮತ್ತು ಗದ್ದೆಗೆ ಹೊಡೆಯುವ ಮದ್ದಿನ ಬಾಟಲಿಗಳ ಸರದಿ. ಅವನ್ನು ಶಾಲೆಯ ಕೋಣೆಯಲ್ಲಿಟ್ಟು ಬೀಗ ಹಾಕಿ, ಬುಧವಾರ ಇನ್ನಂಜೆಯ ಬಂಡೆಬಯಲು ಕಲ್ಲುಪಾದೆಯಲ್ಲಿ ಮೊದಲೇ ತೋಡಿ ಹಲಗೆ ಮುಚ್ಚಿದ್ದ ಗುಂಡಿಗಿಳಿಸಿ, ಸುಣ್ಣ ಸುರಿದು, ಮೇಲೆ ಸಿಮೆಂಟು ಹಾಕಿದ್ದರು. ನಡುವಿನ ಸೋಮವಾರ ಸಂಜೆ ಹೂವಪ್ಪ ತನ್ನ ಜಗಲಿಯಲ್ಲಿ ಸತ್ತು ಬಿದ್ದಿದ್ದ. ಅರವತ್ತೆಂಟು ವರ್ಷ, ದಮ್ಮಿನ ಕಾಯಿಲೆ. ಎದೆ ನಿಂತಿತು ಎಂದರು. ಮಂಗಳವಾರ ಸುಟ್ಟರು.

ಬೊಜ್ಜದ ಊಟದ ಎಲೆಯನ್ನು ವಿಠಲ ಅರ್ಧಕ್ಕೇ ಮಡಚಿದ. ಸೈಕಲ್ ಹತ್ತಿ ನೇರವಾಗಿ ಝೀಟಾ ಬಾಯಮ್ಮನ ಮನೆಗೆ ಹೋದ.

ಝೀಟಾ ಬಾಯಮ್ಮ ಕಾರ್ಕಳದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಕಾಪುವಿನ ಅಣ್ಣನ ಮನೆಗೆ ಬಂದವಳು. ಕುಳ್ಳಗಿನ, ದಪ್ಪ ಕನ್ನಡಕದ ಹೆಂಗಸು. ಕ್ರೈಸ್ತರ ಇಗರ್ಜಿಯ ಬೆಳ್ಳಿಯ ಬಟ್ಟಲು ಕಳೆದಾಗ ಅದನ್ನು ಕದ್ದವನಿಂದಲೇ ವಾಪಸು ತರಿಸಿದವಳು ಅವಳು. ಅಂಥ ಎರಡು ಪತ್ತೆ ಕೆಲಸಗಳಲ್ಲಿ ವಿಠಲ ಅವಳ ಜೊತೆ ಓಡಾಡಿದ್ದ. ಅವಳು ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗಿಸುತ್ತ ಅವನ ಕತೆಯನ್ನೆಲ್ಲ ಕೇಳಿದಳು.

"ಗುಂಡಿಯ ಗಾಳಿಯಂತೆ!" ಎಂದಳು ಕೊನೆಗೆ. "ಗುಂಡಿ ಇರುವುದು ಇನ್ನಂಜೆಯಲ್ಲಿ. ಅಲ್ಲಿ ಕಾಗೆ ಉಂಟಾ?"

"ಉಂಟು. ನಿನ್ನೆಯೂ ನೋಡಿದೆ."

"ಗುಂಡಿಯ ಹತ್ತಿರ ಕಾಗೆ ಉಂಟು, ಹೂವಪ್ಪನ ಅಂಗಳದಲ್ಲಿ ಮಾತ್ರ ಇಲ್ಲ." ಅವಳು ಕೈ ಒರೆಸಿಕೊಂಡು ಎದ್ದಳು. "ಬಾ, ಆ ಅಂಗಳ ನೋಡುವ. ಒಂದು ಮಾತು ವಿಠಲ, ಬೇಸರ ಮಾಡಬೇಡ. ನಾನು ಎಣಿಸಿದ್ದು ಸರಿಯಾದರೆ ಮೊದಲ ಬೆರಳು ತಿರುಗುವುದು ನಿನ್ನ ಕಡೆಗೆ. ಮದ್ದಿನ ಕೋಣೆಯ ಕೀಲಿಕೈ ಇದ್ದದ್ದು ನಿನ್ನ ಹತ್ತಿರ ಅಲ್ವಾ?"

ವಿಠಲ ಹೌದೆಂದು ತಲೆಯಾಡಿಸಿದ.

ಅವರು ಹೋಗುವಾಗ ನೆಂಟರೆಲ್ಲ ಹೊರಟಿದ್ದರು. ಮೂರು ಗಂಟೆಯ ಬಿಸಿಲಿನಲ್ಲಿ ಎಲೆ ಹಾಗೇ ಇತ್ತು. ಒಂದು ಇರುವೆ ಸಾಲು ಮಾತ್ರ ಅದನ್ನು ಮುಟ್ಟಿತ್ತು. ಕಡಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಯಮ್ಮ ಗೇರುಮರದ ಕೆಳಗೆ ಬಗ್ಗಿದಳು. ಅಂಗಳದಾಚೆ, ಯಾರೂ ಗುಡಿಸದ ಆ ಜಾಗದಲ್ಲಿ ಚಾಪೆಯಗಲ ನೆಲವನ್ನು ಸೆಗಣಿಯಿಂದ ಸಾರಿಸಿದ್ದರು.

"ಇದನ್ನು ಯಾರು ಸಾರಿಸಿದ್ದು?"

ಪಾತ್ರೆ ತೊಳೆಯುತ್ತಿದ್ದ ರತ್ನಾವತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಮನೆಯವರೇ ಬಾಯಮ್ಮ. ಅಣ್ಣ ಸತ್ತ ಸಂಜೆ. ನಾನು ಕಿರಿಚಿದ್ದು ಕೇಳಿ ಮೊದಲು ಬಂದವರು ಇವರೇ. ಜನ ಬರುತ್ತಾರೆ ಎಂದು ಅಂಗಳವೆಲ್ಲ ತಾವೇ ಗುಡಿಸಿದರು. ಆಮೇಲೆ ನೆಂಟರಿಗೆ ಸುದ್ದಿ ಹೇಳಲು ಇನ್ನಂಜೆಗೂ ಅವರೇ ಹೋದರು."

"ಅವತ್ತು ಅಣ್ಣ ಉಂಡಿದ್ದರಾ?"

"ದಿನಾ ನಾನೇ ಬುತ್ತಿ ತರುವುದು. ಅವತ್ತು ಬಂಗುಡೆ ಮೀನಿನ ಗಸಿ. ಬುತ್ತಿ ಕಟ್ಟಿ ನಮ್ಮ ಮನೆಯ ಜಗಲಿಯಲ್ಲಿಟ್ಟು ನೀರಿನ ಕೊಡಪಾನ ಇಳಿಸಲು ಒಳಗೆ ಹೋಗಿದ್ದೆ. ಇವರು ಬಂದರಿಗೆ ಹೋಗಿರಲಿಲ್ಲ, ಅಲ್ಲೇ ಕೂತಿದ್ದರು. ಅಣ್ಣ ಎರಡು ತುತ್ತು ತಿಂದು, ಎಂತದೋ ಕಹಿ ಮಾರಾಯ್ತಿ, ಆಮೇಲೆ ನೋಡುತ್ತೇನೆ ಎಂದರು. ಸಂಜೆ ಬಂದಾಗ ತಟ್ಟೆ ಖಾಲಿ. ಉಂಡರಲ್ಲ ಎಂದು ನನಗೆ ಅಷ್ಟೇ ಸಮಾಧಾನ."

"ನಿನ್ನ ಗಂಡನೂ ಅಣ್ಣನೂ ಚೆನ್ನಾಗಿದ್ದರಾ?"

ರತ್ನಾವತಿ ತಲೆ ತಗ್ಗಿಸಿದಳು. "ಹಳೆ ಕಾಗದ ಒಟ್ಟು ಮಾಡಿದ ಭಾನುವಾರದಿಂದ ಮಾತಿರಲಿಲ್ಲ. ಅಣ್ಣ ಕಾಗದ ವಿಂಗಡಿಸುವ ಕೆಲಸದಲ್ಲಿದ್ದರಲ್ಲ. ಸಂಜೆ ಬಂದು, ನಿಮ್ಮ ಮನೆಯ ಕಟ್ಟು ಕಟ್ಟಿದ್ದು ಯಾರು ಎಂದು ಕೇಳಿದರು. ನಾನೇ, ಅಟ್ಟದಲ್ಲಿದ್ದದ್ದೆಲ್ಲ ಕಟ್ಟಿ ಕೊಟ್ಟೆ ಎಂದೆ. ಮತ್ತೆ ಎಂತದೂ ಹೇಳಲಿಲ್ಲ."

ಒಳಗೆ ಗೋಡೆಯಲ್ಲಿ ಶೀನನ ಫೋಟೋ ತೂಗುತ್ತಿತ್ತು. ವಿಠಲನಿಗೆ ಗಕ್ಕನೆ ನೆನಪಾಯಿತು. "ಬಾಯಮ್ಮ, ಸಾಯುವ ಎರಡು ದಿನ ಮೊದಲು ಹೂವಪ್ಪ ಮಾವ ಪೋಸ್ಟಾಫೀಸಿಗೆ ಬಂದು ಅಂಟು ಕೇಳಿದ್ದರು. ಮಗನ ಫೋಟೋದ ಹಿಂಬದಿ ಬಿಚ್ಚಿದೆ ಎಂದರು."

ಬಾಯಮ್ಮ ಫೋಟೋವನ್ನು ನೋಡಿದಳು. ಮುಟ್ಟಲಿಲ್ಲ. "ಈ ಮನೆಗೆ ಬೀಗ ಹಾಕಿ ಕೀಲಿಕೈ ನನಗೆ ಕೊಡು ರತ್ನಾ, ಸೋಮವಾರದವರೆಗೆ" ಎಂದಳು.

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಅವಳು ವಿಠಲನ ಸಂಗ್ರಹದ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇಪ್ಪತ್ಮೂರು ಬಾಟಲಿ. ಯಾವ ಮನೆಯಿಂದ ಎಷ್ಟು, ಯಾರ ಕೈಗಾಡಿಯಲ್ಲಿ ಬಂತು, ಎಲ್ಲ ಬರೆದಿತ್ತು. ಬುಧವಾರ ಗುಂಡಿಗಿಳಿಸಿದ್ದೂ ಇಪ್ಪತ್ಮೂರು.

"ಒಂದೂ ಕಡಿಮೆಯಿಲ್ಲ" ಎಂದ ವಿಠಲ. "ಆದರೆ ಗುಂಡಿಯ ತಳದಲ್ಲಿ ಮೊದಲೇ ಒಂದು ಗೋಣಿ ಮೂಟೆ ಇತ್ತು. ಬಲೆಯ ಹುರಿಯಿಂದ ಕಟ್ಟಿದ್ದು. ತೆಗೆಯುವ ಎಂದೆ. ಯಾರದೋ ಔಷಧಿ ಇರಬೇಕು, ಮುಟ್ಟಬೇಡ ಮಾರಾಯ, ಸುಣ್ಣ ಹಾಕು ಎಂದರು ಚೆನ್ನಪ್ಪಣ್ಣ."

"ಗುಂಡಿಯ ಬದಿ ಬೇರೆ ಯಾರಾದರೂ ಸುಳಿದದ್ದುಂಟಾ?"

"ಇನ್ನಂಜೆಯ ಲಿಯೋನೆಲ್ ಪೊರ್ಬುಗಳು, ಅಲ್ಲಿಯ ಜಮೀನಿನವರು. ಗುಂಡಿ ಮುಚ್ಚುವ ಮುನ್ನಾದಿನ, ಮಂಗಳವಾರ ಬೆಳಿಗ್ಗೆ ಅಲ್ಲಿ ಬಗ್ಗಿ ನೋಡುತ್ತಿದ್ದರಂತೆ. ಅವರ ಜಾಗ ಪಕ್ಕದಲ್ಲೇ. ನನ್ನ ಬಾವಿಗೆ ವಿಷ ಬರುತ್ತದೆ ಎಂದು ಹೂವಪ್ಪ ಮಾವನ ಜೊತೆ ಜಗಳವಾಡಿದ್ದರು. ಗುಂಡಿಗೆ ಆ ಜಾಗ ತೋರಿಸಿದ್ದು ಮಾವನೇ ಅಲ್ವಾ?"

ಮಧ್ಯಾಹ್ನ ಇಬ್ಬರೂ ಇನ್ನಂಜೆಗೆ ಹೋದರು. ಮೊದಲು ಲಿಯೋನೆಲ್, ಆಮೇಲೆ ಪಟ್ಟಿಯಲ್ಲಿದ್ದ ಒಂಬತ್ತು ಮನೆ. ಎಂಟನೆಯದು ಆಂಜೆಲಾ ಬಾಯಿಯದು. ಅವಳು ಗೇಟಿನಲ್ಲೇ ಹೇಳಿದಳು: "ಆ ಎರಡು ಬಾಟಲಿ ಹೋದ ಮೇಲೆ ನನಗೆ ನಿದ್ರೆ ಬರುತ್ತದೆ ನೋಡು. ಮಕ್ಕಳು ಮುಟ್ಟಬಾರದೆಂದು ಎರಡಕ್ಕೂ ಕೆಂಪು ಬಣ್ಣದಲ್ಲಿ ಶಿಲುಬೆ ಬರೆದಿಟ್ಟಿದ್ದೆ."

ವಿಠಲ ಪಟ್ಟಿ ತೆರೆದ. ಆಂಜೆಲಾ ಬಾಯಿ: ಬಾಟಲಿ ಒಂದು. ಅವನು ಬಾಯಿ ತೆರೆಯುವಷ್ಟರಲ್ಲಿ ಝೀಟಾ ಬಾಯಮ್ಮ ಅವನ ಮೊಣಕೈ ಒತ್ತಿದಳು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಲ್ಲುಪಾದೆಯಲ್ಲಿ ಜನ ಸೇರಿದ್ದರು. ಠಾಣೆಯ ಇನ್ಸ್‌ಪೆಕ್ಟರು ಇಬ್ಬರು ಪೊಲೀಸರೊಂದಿಗೆ ಬಂದಿದ್ದರು. ಆಂಜೆಲಾ ಬಾಯಿ, ಲಿಯೋನೆಲ್, ರತ್ನಾವತಿ, ಚೆನ್ನಪ್ಪ, ಸಮಿತಿಯವರು. ಗಾಳಿಯೇ ಇರಲಿಲ್ಲ. ಬಿಳಿಯ ಸಿಮೆಂಟಿನ ಮುಚ್ಚಳ ಬಿಸಿಲಿಗೆ ಗೋರಿಯ ಹಾಗೆ ಕಾಣುತ್ತಿತ್ತು.

"ಹೂವಪ್ಪನನ್ನು ವಿಷ ಹಾಕಿ ಕೊಂದಿದ್ದಾರೆ" ಎಂದಳು ಝೀಟಾ ಬಾಯಮ್ಮ, ಪೀಠಿಕೆಯಿಲ್ಲದೆ. "ಹೆಣ ಸುಟ್ಟಾಗಿದೆ, ಸಾಕ್ಷಿಯಿಲ್ಲ ಎಂದು ಕೊಂದವನು ಎಣಿಸಿದ. ಸಾಕ್ಷಿ ಹೇಳಿದ್ದು ಕಾಗೆಗಳು. ತಮ್ಮ ಜಾತಿಯವು ಸತ್ತು ಬಿದ್ದ ಜಾಗಕ್ಕೆ ಕಾಗೆ ಬಹಳ ದಿನ ಇಳಿಯುವುದಿಲ್ಲ. ಅಂದರೆ ಆ ಅಂಗಳದಲ್ಲಿ ಕಾಗೆಗಳು ಸತ್ತಿವೆ. ಎಂತ ತಿಂದು? ಕಹಿಯೆಂದು ಹೂವಪ್ಪ ಗೇರುಮರದ ಬುಡಕ್ಕೆ ಚೆಲ್ಲಿದ ಅನ್ನ ತಿಂದು. ತಟ್ಟೆ ಖಾಲಿಯಾದದ್ದು ಹಾಗೆ. ಅವನು ತಿಂದ ಎರಡು ತುತ್ತೇ ಅವನಿಗೆ ಸಾಕಾಯಿತು."

ರತ್ನಾವತಿ ಒಂದು ಕಲ್ಲಿನ ಮೇಲೆ ಕೂತಳು.

"ವಿಷ ಎಲ್ಲಿಂದ ಬಂತು? ಕೋಣೆಯ ಕೀಲಿಕೈ ವಿಠಲನ ಹತ್ತಿರ. ಆದರೆ ಕೋಣೆಯಿಂದ ತೆಗೆದಿದ್ದರೆ ಲೆಕ್ಕದಲ್ಲಿ ಒಂದು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಆ ಬಾಟಲಿ ಪಟ್ಟಿಗೆ ಬರುವ ಮೊದಲೇ ಹಾರಿತ್ತು. ಆಂಜೆಲಾ ಕೊಟ್ಟದ್ದು ಎರಡು, ಬರೆಸಿದ್ದು ಒಂದು. ಅವಳ ಮನೆಗೆ ಹೋದದ್ದು ಯಾರ ಕೈಗಾಡಿ?"

"ಚೆನ್ನಪ್ಪನದು" ಎಂದಳು ಆಂಜೆಲಾ ಬಾಯಿ.

"ಸುಳ್ಳು!" ಚೆನ್ನಪ್ಪ ಗುಡುಗಿದ. "ಮುದುಕಿಗೆ ಮರೆವು. ಜಗಳವಾಡಿದ್ದು ಲಿಯೋನೆಲ್. ಗುಂಡಿಯ ಬದಿ ಸುಳಿದದ್ದೂ ಅವನೇ."

"ಸುಳಿದದ್ದು ಹೌದು" ಎಂದ ಲಿಯೋನೆಲ್. "ಗುಂಡಿಯಲ್ಲಿ ನೀರಿನ ಒಸರು ಉಂಟಾ ಎಂದು ನೋಡಲು ಹಲಗೆ ಸರಿಸಿದೆ. ಒಳಗೆ ಮೂಟೆಯೊಂದು ಆಗಲೇ ಬಿದ್ದಿತ್ತು."

"ಮಂಗಳವಾರ ಬೆಳಿಗ್ಗೆಯೇ ಇತ್ತು" ಎಂದಳು ಬಾಯಮ್ಮ. "ಅಂದರೆ ಸೋಮವಾರ ಸಂಜೆ ಬಂದದ್ದು. ಆ ಸಂಜೆ ಕಾಪುವಿನಿಂದ ಇನ್ನಂಜೆಗೆ ಬಂದವನು, ಸಾವಿನ ಸುದ್ದಿ ಹೊತ್ತು ತಂದ ಚೆನ್ನಪ್ಪ. ಅಂಗಳ ಗುಡಿಸಿ, ಮರದ ಬುಡ ಸಾರಿಸಿದವನೂ ಅವನೇ. ಇಡೀ ಊರೇ ವಿಷ ತಂದು ಹೂಳುವ ಗುಂಡಿಗಿಂತ ಒಳ್ಳೆಯ ಜಾಗ ಅವನಿಗೆ ಎಲ್ಲಿ ಸಿಗಬೇಕು? ಇನ್ನು ಅಗೆಯಿರಿ."

ಪೊಲೀಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಿಮೆಂಟು ಒಡೆದರು. ಸುಣ್ಣದಲ್ಲಿ ಬೆಳ್ಳಗಾದ ಮೂಟೆ ಕೊಕ್ಕೆಗೆ ಸಿಕ್ಕಿ ಮೇಲೆ ಬಂತು. ಹುರಿ ಕೊಯ್ದು ಸುರಿದಾಗ ಏಳು ಕಾಗೆಗಳು ಹೊರಬಿದ್ದವು. ರೆಕ್ಕೆ ಮುದುಡಿ, ಕಾಲು ಸೆಟೆದು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ನಡುವಿನಿಂದ ಒಂದು ಬಾಟಲಿ ಉರುಳಿತು. ಅದರ ಮೈಮೇಲೆ ಕೆಂಪು ಶಿಲುಬೆ.

"ನನ್ನದೇ" ಎಂದಳು ಆಂಜೆಲಾ ಬಾಯಿ.

"ಯಾಕೆ?" ಎಂದ ಲಿಯೋನೆಲ್.

ಬಾಯಮ್ಮ ಸಂಚಿಯಿಂದ ಒಂದು ಹಳೆಯ ಕಾಗದ ತೆಗೆದಳು. "ಇಂದು ಬೆಳಿಗ್ಗೆ ಇನ್ಸ್‌ಪೆಕ್ಟರ ಎದುರಿಗೇ ಶೀನನ ಫೋಟೋದ ಹಿಂಬದಿ ಬಿಚ್ಚಿ ತೆಗೆದದ್ದು ಇದು. ಮಲ್ಪೆಯ ದೋಣಿ ಬಡಗಿ ಚೆನ್ನಪ್ಪನಿಗೆ ಬರೆದದ್ದು. ತಳದ ಎರಡು ಹಲಗೆ ಪೂರ್ತಿ ಕೊಳೆತಿವೆ, ಬದಲಿಸದೆ ದೋಣಿ ನೀರಿಗಿಳಿಸಬೇಡಿ, ಜೀವ ಹೋಗುತ್ತದೆ ಎಂದುಂಟು. ಇದಾಗಿ ಐದನೆಯ ದಿನ ದೋಣಿ ಮುಳುಗಿತು, ಶೀನನೂ ದೂಮನೂ ಇನ್ನೊಬ್ಬನೂ ಸತ್ತರು. ಚೆನ್ನಪ್ಪ ಎಂತ ಹೇಳಿದ? ಚುಕ್ಕಾಣಿ ಹಿಡಿದ ದೂಮ ಕುಡಿದು ಬಂಡೆಗೆ ಬಡಿಸಿದ ಎಂದ. ಮೂರು ವರ್ಷ ಅಟ್ಟದಲ್ಲಿದ್ದ ಈ ಕಾಗದ ಗುಜರಿಯ ಕಟ್ಟಿನಲ್ಲಿ ಹೊರಗೆ ಬಂತು. ಹೂವಪ್ಪನ ಕೈಗೇ ಸಿಕ್ಕಿತು."

ಚೆನ್ನಪ್ಪನ ದನಿ ಈಗ ಬೇರೆಯಾಗಿತ್ತು. "ಆ ಕಾಗದ ಊರ ಸಭೆಯಲ್ಲಿ ಓದುತ್ತೇನೆ ಎಂದ. ಕಾಲು ಹಿಡಿದೆ. ಕೇಳಲಿಲ್ಲ."

ರತ್ನಾವತಿ ಎದ್ದು ಅವನೆದುರು ಬಂದು ನಿಂತಳು. ಹೊಡೆಯುತ್ತಾಳೆಂದು ವಿಠಲ ಎಣಿಸಿದ. ಅವಳು ಹೊಡೆಯಲಿಲ್ಲ. "ನನ್ನ ಕೈಯಲ್ಲಿ ಕಳಿಸಿದಿರಿ" ಎಂದಳು. "ಬೇರೆ ಯಾರ ಕೈಯೂ ಸಿಗಲಿಲ್ಲವಾ ನಿಮಗೆ?" ಚೆನ್ನಪ್ಪ ನೆಲ ನೋಡಿದ. ಪೊಲೀಸರು ಅವನ ತೋಳು ಹಿಡಿದರು.

ಬಡಗಿಯ ಕಾಗದವನ್ನು ಇನ್ಸ್‌ಪೆಕ್ಟರು ತೆಗೆದುಕೊಂಡು ಹೋಗುವ ಮೊದಲು ವಿಠಲ ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದ. ಆ ವಾರ ಒಂದು ದಿನ ರಜೆ ಹಾಕಿ ಮಲ್ಪೆಗೆ ಹೋದ. ದೂಮನ ತಾಯಿ ಸುಂದರಿ ಮನೆಯ ಹಿಂದೆ ಒಬ್ಬಳೇ ಬಲೆಗೆ ಗಂಟು ಹಾಕುತ್ತಿದ್ದಳು. ಮೂರು ವರ್ಷದಿಂದ ಕೇರಿಯ ಹೆಂಗಸರು ಅವಳ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಮೂರು ಜೀವ ಮುಳುಗಿಸಿದ ಕುಡುಕನ ತಾಯಿ ಎಂದು ಅವಳ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು.

ವಿಠಲ ನೆಲದ ಮೇಲೆ ಕೂತು ಕಾಗದ ಓದಿದ. ಓದಿ ಮುಗಿದ ಮೇಲೂ ಅವಳ ಬೆರಳು ಗಂಟಿನಲ್ಲೇ ಇತ್ತು.

"ಹಲಗೆ ಕೊಳೆತಿತ್ತಾ?" ಎಂದಳು.

"ಹೌದಮ್ಮ. ದೂಮನ ತಪ್ಪು ಎಂತದೂ ಇರಲಿಲ್ಲ."

ಅವಳು ಬಲೆಯನ್ನು ಬದಿಗಿಟ್ಟಳು. ಸೆರಗು ಸರಿಮಾಡಿಕೊಂಡು, ಎದ್ದು, ಮನೆಯ ಮುಂಬದಿಯ ಜಗಲಿಗೆ ಬಂದು ಬೀದಿಗೆ ಮುಖ ಮಾಡಿ ಕೂತಳು.

"ಇನ್ನೊಮ್ಮೆ ಓದು ಮಗಾ" ಎಂದಳು. "ಗಟ್ಟಿಯಾಗಿ ಓದು."