ಅಕ್ಕರೆ ಒಡೆದಿದೆ!

"ತಗೋಬೇಡಿ!"

ಅವಳ ಕೈಯಲ್ಲಿದ್ದ ಇ-ಬುಕ್ ರೀಡರನ್ನು ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ ಹೆಚ್ಚುಕಡಿಮೆ ಕಿತ್ತುಕೊಂಡೇಬಿಟ್ಟ. ಅವನ ಬೆರಳು ತಗುಲಿದ್ದೇ ತಡ, ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಯಾಕೆ? ಇದು ಮಾರೋಕೆ ಇಟ್ಟಿರೋದಲ್ವಾ?"

"ಮಾರೋಕೇ... ಆದ್ರೆ ಇವತ್ತು ಬೇಡ. ಯಾರಿಗಿದು?"

"ನಮ್ಮ ದೊಡ್ಡಮ್ಮಂಗೆ. ಕಣ್ಣು ಮಂಜಾಗ್ತಿದೆ, ಪುಸ್ತಕದ ಅಕ್ಷರ ಕಾಣಲ್ಲ. ಇದ್ರಲ್ಲಿ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೋಬಹುದಂತಲ್ಲ?"

"ಏನು ಓದ್ತಾರೆ ಅವ್ರು?"

"ಪ್ರೇಮ ಕಾದಂಬರಿ. ಬೇರೇನೂ ಮುಟ್ಟಲ್ಲ. ಕನ್ನಡದ್ದೇ ಆಗ್ಬೇಕು."

ಅವನ ಮುಖ ಇನ್ನಷ್ಟು ಪೆಚ್ಚಾಯಿತು. ಗಲ್ಲಾದಲ್ಲಿ ಕೂತಿದ್ದ ಮಾಲೀಕರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಶನಿವಾರ ಬನ್ನಿ, ದಯವಿಟ್ಟು... ಅಲ್ಲೀತನಕ ಬೇರೆ ಅಂಗಡೀಲೂ ತಗೋಬೇಡಿ."

ಮಾರುವವನೇ ಬೇಡ ಅನ್ನುತ್ತಾನೆ! ಅದೂ ಪಿಸುಮಾತಿನಲ್ಲಿ! ಇದರಲ್ಲಿ ಏನೋ ಇದೆ...

ಅವಳು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಪುಟದಲ್ಲಿ ಮುನ್ನೂರು ಪದವಿದ್ದರೆ ಮುನ್ನೂರನ್ನೂ ಅನುಮಾನಿಸುವುದೇ ಅವಳ ಕಸುಬು. ಅಂಚಿನಲ್ಲೆಲ್ಲ ಪ್ರಶ್ನೆಯ ಗುರುತು ಹಾಕುತ್ತಾಳೆಂದು ಪ್ರೆಸ್ಸಿನವರು ಅವಳಿಗೆ ಅನುಮಾನಕ್ಕ ಎಂದೇ ಹೆಸರಿಟ್ಟಿದ್ದರು. ಮದುವೆಗೆಂದು ನೋಡಿದ್ದ ಗಂಡು, ತನಗಿಲ್ಲದ ಕೆಲಸವನ್ನು ಇದೆ ಎಂದು ಹೇಳಿ ಸಿಕ್ಕಿಬಿದ್ದ ಮೇಲಂತೂ ಗಂಡಸರ ಮಾತಿಗೆಲ್ಲ ಅದೇ ಗುರುತು ಬೀಳುತ್ತಿತ್ತು.

ಮನೆಯಲ್ಲಿ ದೊಡ್ಡಮ್ಮ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಭೂತಗನ್ನಡಿ ಆಡಿಸುತ್ತಿದ್ದಳು. ತಾಯಿಯಿಲ್ಲದ ಇವಳಿಗೆ ಅಕ್ಷರ ಕಲಿಸಿದ ಕಣ್ಣುಗಳು ಅವು.

"ಇನ್ನು ನಲವತ್ತೇ ಪುಟ ಕಣೇ. ಹೋದೋನು ವಾಪಸ್ ಬರ್ತಾನೋ ಇಲ್ವೋ ತಿಳೀದೇ ನನ್ನ ಕಣ್ಣು ಮುಚ್ಚಿಹೋಗುತ್ತಾ ಅಂತ..."

"ನಾನು ಓದಿ ಹೇಳ್ಲಾ?"

"ಬೇಡಮ್ಮ! ಮುತ್ತು ಕೊಡೋ ಜಾಗ ಬಂದ್ರೆ ನೀನು ಪುಟಾನೇ ಹಾರಿಸಿಬಿಡ್ತೀಯ."

ಅವಳು ನಗುತ್ತಲೇ ಅಂಗಡಿಯ ಕಥೆ ಹೇಳಿದಳು. ದೊಡ್ಡಮ್ಮ ಕನ್ನಡಿ ಕೆಳಗಿಟ್ಟಳು. "ಮಾರೋನೇ ಬೇಡ ಅಂದ್ನಾ? ಹಾಗಾದ್ರೆ ಒಂದೋ ಅವನು ಪೆದ್ದ, ಇಲ್ಲಾ ಒಳ್ಳೆಯವನು."

"ಬೆಳ್ಳಗಿರೋದೆಲ್ಲಾ ಹಾಲಲ್ಲ ದೊಡ್ಡಮ್ಮ. ಶನಿವಾರ ಬೆಲೆ ಏರಿಸ್ತಾನೋ ಏನೋ."

ಹಾಗೆಂದವಳಿಗೆ ಶನಿವಾರದವರೆಗೆ ಕಾಯಲು ಆಗಲಿಲ್ಲ. ಗುರುವಾರವೇ ಹೋದಳು. 'ಕಳ್ಳನನ್ನು ಹಿಡಿಯೋಕೆ' ಎಂದು ತನಗೆ ತಾನೇ ಹೇಳಿಕೊಂಡಳು. ಕನ್ನಡಿಯ ಮುಂದೆ ಎರಡು ಸಲ ಜಡೆ ಬಿಚ್ಚಿ ಹೆಣೆದುಕೊಂಡದ್ದು ಯಾಕೆಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅವನು ಒಳಗೆಲ್ಲೋ ಇದ್ದ. ಮೇಜಿನ ಮೇಲೆ ಅದೇ ರೀಡರ್. ಅದರ ಪಕ್ಕ ಒಂದು ಚೀಟಿ. ಬರೆದದ್ದು ಕಂಡರೆ ಓದದೆ ಬಿಡುವ ಕಣ್ಣಲ್ಲ ಅವಳದು.

'ಪ್ರೀತಿ – ಸರಿಹೋಯ್ತು.
ಮುತ್ತು – ಎರಡು ಸಲ ಕೊಟ್ಟು ನೋಡಿದೆ, ಆಗ್ಲಿಲ್ಲ.
ಅಪ್ಪುಗೆ – ನಾಳೆ ನೋಡೋಣ.
ಅಕ್ಕರೆ – ಒಡೆದಿದೆ!
ಶನಿವಾರ ಅವಳು ಬರೋದ್ರೊಳಗೆ ಎಲ್ಲಾ ಸರಿಮಾಡ್ಬೇಕು.'

ಅವಳ ಕಿವಿ ಬಿಸಿಯಾಯಿತು. ಛೀ! ಮುತ್ತಿನ ಲೆಕ್ಕ ಬರೆದಿಡುವ ಮನುಷ್ಯ! ಶನಿವಾರ ನಾನೂ ಬರಬೇಕು, ಆ 'ಅವಳೂ' ಬರುತ್ತಾಳೆ!

ಅಷ್ಟರಲ್ಲಿ ಅವನು ಬಂದ. ಅವಳನ್ನು ಕಂಡು ಅವನ ಮುಖ ಅರಳಿತು. "ಅರೆ, ಇವತ್ತೇ ಬಂದ್ರಾ?"

"ಬರಬಾರದಿತ್ತು! ಮೊದಲು ನಿಮ್ಮ ಒಡೆದ ಅಕ್ಕರೆ ಜೋಡಿಸ್ಕೊಳ್ಳಿ!"

ಅವನು ಬಾಯಿ ಬಿಡುವ ಮುಂಚೆ ಅವಳು ರಸ್ತೆಯಲ್ಲಿದ್ದಳು. ಸಿಟ್ಟಿನ ಭರದಲ್ಲಿ ಎದುರಿನ ಅಂಗಡಿಗೆ ನುಗ್ಗಿ, ಅದೇ ರೀಡರನ್ನು ಕೊಂಡು, ಕಣ್ಣಂಚು ಒರೆಸಿಕೊಳ್ಳುತ್ತ ಮನೆಗೆ ಬಂದಳು. ಎರಡು ಮಾತಾಡಿದವನಿಗಾಗಿ ಇಷ್ಟು ನೋವೇಕೆ?

ದೊಡ್ಡಮ್ಮನ ಕಾದಂಬರಿಯನ್ನು ಅದಕ್ಕೆ ಹಾಕಿ, ಅಕ್ಷರವನ್ನು ದೊಡ್ಡದು ಮಾಡಿ ಕೈಗಿಟ್ಟಳು. ದೊಡ್ಡಮ್ಮ ಆಸೆಯಿಂದ ನೋಡಿದಳು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಕ್ಷರ ದೊಡ್ಡದಾಗಿದೆ... ಆದ್ರೆ ಓದೋಕಾಗ್ತಿಲ್ಲ ಕಣೇ. ಎಲ್ಲಾ ಬಿಡಿಬಿಡಿ. ನನ್ನ ಕಣ್ಣು ಪೂರ್ತಿ ಹೋಯ್ತಾ?"

ಅವಳು ಗಾಬರಿಯಿಂದ ಬಗ್ಗಿ ನೋಡಿದಳು.

'ಮುತ್ ತು.' 'ಅಪ್ ಪುಗೆ.' 'ಅಕ್ ಕರೆ.'

ಒತ್ತಕ್ಷರಗಳು! ಕೆಳಗೆ ಅಂಟಿಕೊಂಡಿರಬೇಕಾದ ಒತ್ತುಗಳೆಲ್ಲ ಕಳಚಿ ಸಾಲಾಗಿ ನಿಂತಿದ್ದವು. ಅಯ್ಯೋ... ಅವನ ಚೀಟಿ ಇದಾ! ಹತ್ತು ವರ್ಷದಿಂದ ಒತ್ತು ತಿದ್ದುತ್ತಾ ಬಂದವಳು, ಒತ್ತಿನ ಪಟ್ಟಿಯನ್ನೇ ಪ್ರೇಮಪ್ರಸಂಗ ಎಂದುಕೊಂಡುಬಿಟ್ಟಳಲ್ಲ!

"ನಿನ್ನ ಕಣ್ಣಿಗೇನೂ ಆಗಿಲ್ಲ ದೊಡ್ಡಮ್ಮ," ಅವಳು ಅಳುತ್ತ ನಕ್ಕಳು. "ನನ್ನ ಕಣ್ಣೇ ಕುರುಡಾಗಿತ್ತು."

ಶನಿವಾರ ದೊಡ್ಡಮ್ಮನೂ ಹಟಹಿಡಿದು ಜೊತೆಗೆ ಹೊರಟಳು.

ಅವಳು ತಲೆತಗ್ಗಿಸಿ ರೀಡರನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಿದ. ನೊಂದಿದ್ದು ಮುಖದಲ್ಲಿ ಕಂಡಿತು, ಬೈಯಲಿಲ್ಲ. ದೊಡ್ಡಮ್ಮನಿಗೆ ಕುರ್ಚಿ ಹಾಕಿ, ರೀಡರನ್ನು ಕಂಪ್ಯೂಟರಿಗೆ ಜೋಡಿಸಿದ.

"ಬೇರೆ ಫಾಂಟ್ ಹಾಕ್ಬೇಕಿತ್ತು. ನಾಲ್ಕು ಫಾಂಟ್ ಹಾಕಿ ನೋಡಿದೆ. ಐದನೇದ್ರಲ್ಲಿ ನಿನ್ನೆ ಸರಿಹೋಯ್ತು." ಆ ಫಾಂಟನ್ನೇ ಹಾಕಿ ರೀಡರನ್ನು ದೊಡ್ಡಮ್ಮನ ಕೈಗಿಟ್ಟ.

"ಮೊದಲನೇ ದಿನವೇ ಹೇಳಬಹುದಿತ್ತಲ್ಲ?"

"ಮಾಲೀಕರ ಮುಂದೆ, ನಮ್ಮ ಸಾಮಾನು ಸರಿಯಿಲ್ಲ ಅಂತ ಹೇಳ್ಲಾ?"

"ಪರೀಕ್ಷೆಗೆ ಅದೇ ಪದಗಳು ಬೇಕಿತ್ತಾ? ಅಕ್ಕಿ, ಬೆಕ್ಕು ಇರ್ಲಿಲ್ವಾ?"

"ಪ್ರೇಮ ಕಾದಂಬರಿ ಅಂದ್ರಲ್ಲ. ಅದ್ರಲ್ಲಿ ಬೆಕ್ಕು ಎಷ್ಟು ಸಲ ಬರುತ್ತೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೂ ಕಸುಬಿನ ಬುದ್ಧಿ ಬಿಡಬೇಕಲ್ಲ! "ಚೀಟೀಲಿ ಇನ್ನೊಂದು ತಪ್ಪಿತ್ತು. 'ಶನಿವಾರ ಅವಳು ಬರೋದ್ರೊಳಗೆ'... ಗಿರಾಕಿನ ಯಾರಾದ್ರೂ 'ಅವಳು' ಅಂತಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ತಾನಾಗಿ ಚೀಟಿಯಿದ್ದ ಜೇಬಿಗೆ ಹೋಯಿತು.

"ಅದು... ಮನಸ್ಸಲ್ಲಿ ಹಾಗೇ ಅಂದ್ಕೋತಿದ್ದೆ. ಹಾಗೇ ಬರೆದುಬಿಟ್ಟೆ."

ಅವನು ಅಂಗಡಿಯ ರೀಡರನ್ನು ಅವಳ ಕಡೆ ಸರಿಸಿದ. ಪರದೆಯಲ್ಲಿ ಒಂದೇ ಸಾಲಿತ್ತು.

'ನೀವು ಅಂದ್ರೆ ನನಗೆ ಇಷ್ ಟ.'

"ಇದೊಂದು ಇನ್ನೂ ಒಡೆದೇ ಇದೆ," ಎಂದ.

"ನಿಜವಾಗ್ಲೂ ಒಡೆದಿತ್ತಾ, ಬೇಕೂಂತಲೇ ಒಡೆದ್ರಾ?"

"ಅದನ್ನೊಂದು ಕೇಳ್ಬೇಡಿ."

ಪ್ರಶ್ನೆಯ ಗುರುತು ಹಾಕಲು ಅವಳ ಕೈ ಅಭ್ಯಾಸದಂತೆ ಚೀಲದಲ್ಲಿದ್ದ ಪೆನ್ಸಿಲಿಗೆ ಹೋಯಿತು. ಪೆನ್ಸಿಲ್ ಹಿಡಿದು ಅರೆಗಳಿಗೆ ತಡೆದಳು. ಆಮೇಲೆ ಅವನ ಜೇಬಿನ ಚೀಟಿ ಇಸಕೊಂಡು, ಆ ಒಡೆದ ಪದವನ್ನು ಅದರ ಮೇಲೆ ಹಾಗೇ ಬರೆದು, ನಡುವಿನ ಸಂದಿಗೆ ಮೇಲೊಂದು ಕೆಳಗೊಂದು ಪುಟ್ಟ ಕಮಾನು ಎಳೆದಳು.

"ಪ್ರೆಸ್ಸಿನವರ ಗುರುತಾ ಇದು? ಹಾಗಂದ್ರೆ?"

"ಕೂಡಿಸಿ ಅಂತ." ಅವಳ ದನಿ ಸಣ್ಣದಾಯಿತು. "ಇನ್ಮೇಲೆ ಮಧ್ಯೆ ಜಾಗ ಬಿಡಬಾರದು ಅಂತ..."

"ಬಂದ ಕಣೇ! ಹೋದೋನು ವಾಪಸ್ ಬಂದ!" ಕುರ್ಚಿಯಿಂದ ದೊಡ್ಡಮ್ಮ ಕೂಗಿದಳು, ರೀಡರಿನಿಂದ ಕಣ್ಣೆತ್ತದೆ.

ಅವನು ಅವಳನ್ನೇ ನೋಡುತ್ತಿದ್ದ. "ಈ ಸಲವಾದ್ರೂ ಅನುಮಾನ ಇಲ್ವಾ?"

"ಸ್ವಲ್ಪ ಇದೆ," ಎಂದಳು ಅವಳು, ಚೀಟಿ ಅವನ ಕೈಗಿಡುತ್ತ. "ಅದಕ್ಕೇ ನಾಳೆನೂ ಬರ್ತೀನಿ."