ನೆವೆನಾ ಕೆಡವಿದ ಬೈಕು

ಬೈಕು ಎರಡನೇ ಸಲ ನೆಲಕ್ಕೆ ಬಿದ್ದಾಗ ಸ್ಟಾಂಕಾಳ ಕಣ್ಣಲ್ಲಿ ನೀರು ತುಂಬಿತು.

ಅವಳಿಗೆ ಐವತ್ತು ದಾಟಿತ್ತು. ತ್ರೋಯಾನ್ ಪೇಟೆಯಲ್ಲಿ ಬನಿತ್ಸಾ ಎಂಬ ಚೀಸ್ ತುಂಬಿದ ತಿಂಡಿ ಬೇಯಿಸಿ ಮಾರುತ್ತಿದ್ದ ಹೆಂಗಸು. ಮಕ್ಕಳು ತಮ್ಮ ದಾರಿ ಹಿಡಿದ ಮೇಲೆ, ದೊಡ್ಡ ಬೈಕು ಕಲಿತು ಒಬ್ಬಳೇ ಸಮುದ್ರದವರೆಗೆ ಹೋಗಿಬರಬೇಕೆಂದು ಹಟ ಹಿಡಿದಿದ್ದಳು. ಗಂಡ ಬಿದ್ದು ಬಿದ್ದು ನಕ್ಕಿದ್ದ. ಒಲೆ ಮುಂದೆ ನಿಲ್ಲೋಕೇ ಮಂಡಿ ನೋವು ಅನ್ನುವವಳು, ನೀನೇನು ಬೈಕು ಓಡಿಸ್ತೀಯ ಎಂದಿದ್ದ.

ಅವಳಿಗೆ ಕಲಿಸುತ್ತಿದ್ದವಳು ನೆವೆನಾ. ಗಿಡ್ಡ ಮೈಕಟ್ಟು, ಗಿಡ್ಡ ಕೂದಲು, ಅದಕ್ಕಿಂತ ಗಿಡ್ಡ ತಾಳ್ಮೆ ಎಂದು ಬೈಕು ಕಲಿಸುವ ಆ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆದರೆ ಇನ್ನೂರು ಕಿಲೋ ದಾಟಿದ ಬೈಕನ್ನು ಕಾಲು ನೆಲಕ್ಕೆ ಊರದೆ ಇಕ್ಕಟ್ಟಾದ ಓಣಿಯಲ್ಲಿ ತಿರುಗಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

"ಅಳಬೇಡಿ ಅಕ್ಕ. ಮೊದಲು ಉಸಿರು ತಗೊಳ್ಳಿ," ಎಂದು ಅವಳು ಹೇಳುತ್ತಿರುವಾಗಲೇ ಗೇಟಿನ ಬಳಿ ನಿಂತಿದ್ದ ಯಾವನೋ ಓಡಿಬಂದ. ಎತ್ತರದ ಆಳು. ಯಾರನ್ನೂ ಕೇಳದೆ ಬಗ್ಗಿ, ಒಂದೇ ಎಳೆತಕ್ಕೆ ಬೈಕನ್ನು ಎತ್ತಿ ಸ್ಟ್ಯಾಂಡಿಗೆ ಹಾಕಿದ. ಆಮೇಲೆ ಸ್ಟಾಂಕಾಳ ಕಡೆ ತಿರುಗಿ ಮೃದುವಾಗಿ ಹೇಳಿದ.

"ಇದು ನಿಮಗೆ ಭಾರ ಆಯ್ತು ಅಕ್ಕ. ಚಿಕ್ಕ ಗಾಡಿ ತಗೊಳ್ಳಿ. ಅದೇ ಚೆಂದ."

ಸ್ಟಾಂಕಾ ತಲೆ ತಗ್ಗಿಸಿದಳು. ಅದನ್ನು ಕಂಡ ನೆವೆನಾಳ ಎದೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ವಾರಗಟ್ಟಲೆ ಕಟ್ಟಿದ ಧೈರ್ಯ... ಒಂದು ಮಾತಿಗೆ ಕುಸಿದುಬಿತ್ತಲ್ಲ!

ಅವಳು ನೆಟ್ಟಗೆ ಹೋಗಿ, ಸ್ಟ್ಯಾಂಡ್ ತೆಗೆದು, ಎರಡೂ ಕೈಯಿಂದ ಬೈಕನ್ನು ತಳ್ಳಿದಳು. ಅದು ದಡಾರನೆ ಮತ್ತೆ ನೆಲಕ್ಕೆ ಬಿತ್ತು.

"ಈಗ ನೀವು ಎತ್ತಿ, ಅಕ್ಕ."

"ತಲೆ ಕೆಟ್ಟಿದೆಯಾ ನಿಮಗೆ?" ಎಂದ ಅವನು.

ನೆವೆನಾ ಅವನತ್ತ ತಿರುಗಿಯೂ ನೋಡಲಿಲ್ಲ. ಸ್ಟಾಂಕಾಳಿಗೆ ಹ್ಯಾಂಡಲನ್ನು ಪೂರ್ತಿ ತಿರುಗಿಸಲು ಹೇಳಿದಳು. ಬೈಕಿಗೆ ಬೆನ್ನು ಕೊಟ್ಟು ಸೀಟಿಗೆ ಸೊಂಟ ಒತ್ತಿ ಕೂರಲು, ಒಂದು ಕೈಯಲ್ಲಿ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಸೀಟಿನ ಕೆಳಗಿನ ಕಂಬಿ ಹಿಡಿಯಲು ಹೇಳಿದಳು. ತೋಳಿಂದ ಎಳೆಯಬಾರದು, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆಯಬೇಕು.

ಸ್ಟಾಂಕಾಳ ಮುಖ ಕೆಂಪೇರಿತು. ಬೈಕು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೊನೆಗೆ ಎದ್ದೇ ಬಿಟ್ಟಿತು! ಸ್ಟಾಂಕಾ ಅಳುತ್ತಲೇ ನಗತೊಡಗಿದಳು.

ಆಗ ನೆವೆನಾ ಅವನತ್ತ ತಿರುಗಿದಳು. "ಯಾರು ನೀವು?"

"ಕಾಮೆನ್. ಇವತ್ತಿಂದ ಇಲ್ಲಿ ಕಲಿಸೋಕೆ ಬಂದಿದೀನಿ."

ಅಯ್ಯೋ ದೇವರೇ, ದಿನಾ ಇವನ ಮುಖ ನೋಡಬೇಕಾ... ಎಂದುಕೊಂಡಳು ನೆವೆನಾ.

ಅಲ್ಲಿಂದ ಶುರುವಾದ ಜಗಳ ನಿಲ್ಲಲೇ ಇಲ್ಲ. ಒಂದೇ ಮೈದಾನ, ಇಬ್ಬರು ಶಿಕ್ಷಕರು. ಅವಳು ಗುರುತಿಗಿಟ್ಟ ಪುಟ್ಟ ಪ್ಲಾಸ್ಟಿಕ್ ಕಂಬಗಳನ್ನು ಅವನು ಸರಿಸುತ್ತಿದ್ದ, ಅವನು ಸರಿಸಿದ್ದನ್ನು ಅವಳು ಒದೆಯುತ್ತಿದ್ದಳು. ಅವಳ ಪಾಠ ಒರಟು ಎಂದು ಅವನು ಎಲ್ಲರೆದುರು ಅಂದರೆ, ಅವನು ಕೂಸಿಗೆ ಹಾಲು ಕುಡಿಸುವ ಹಾಗೆ ಕಲಿಸುತ್ತಾನೆ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಸಲಿಗೆಯಿಂದಲ್ಲ, ಸಿಟ್ಟಿನಿಂದ.

ಶಾಲೆಯ ಯಜಮಾನ ತೊದೊರ್, ನಾಯಿ ಬೆಕ್ಕನ್ನು ಒಂದೇ ಗೂಡಲ್ಲಿ ಇಟ್ಟ ಹಾಗಾಯ್ತಲ್ಲ ಎಂದು ಗೊಣಗುತ್ತಿದ್ದ.

ಆದರೂ ನೆವೆನಾ ಒಂದನ್ನು ಗಮನಿಸಿದ್ದಳು. ಅಂದಿನಿಂದ ಕಾಮೆನ್ ಯಾರ ಬೈಕನ್ನೂ ಎತ್ತಿಕೊಡಲಿಲ್ಲ. ಯಾರಾದರೂ ಬಿದ್ದರೆ ಕೈ ಹಿಂದೆ ಕಟ್ಟಿ ನಿಂತು, ಬೆನ್ನು ಕೊಟ್ಟು ಎತ್ತುವ ಉಪಾಯವನ್ನೇ ಹೇಳಿಕೊಡುತ್ತಿದ್ದ. ನನ್ನದನ್ನೇ ಕದ್ದು ನನ್ನ ಮುಂದೆಯೇ... ಎಂದು ಅವಳಿಗೆ ಉರಿಯುತ್ತಿತ್ತು. ಆ ಉರಿಯ ಅಡಿಯಲ್ಲಿ ಇನ್ನೇನೋ ಇತ್ತು. ಅದನ್ನು ಅವಳು ನೋಡಲು ಹೋಗಲಿಲ್ಲ.

ಸ್ಟಾಂಕಾಳ ಪರೀಕ್ಷೆ ಹತ್ತಿರ ಬಂತು. ಹಿಂದಿನ ದಿನ ಮಧ್ಯಾಹ್ನ ತೊದೊರ್ ಅವಳನ್ನು ಕರೆದು, ಈ ಸಲ ಬೇಡ, ಮುಂದಿನ ಸಲ ನೋಡೋಣ ಎಂದುಬಿಟ್ಟ. ಯಾಕೆ ಎಂದು ಕೇಳಿದ್ದಕ್ಕೆ, ನೀವು ಇನ್ನೂ ತಯಾರಾಗಿಲ್ಲ ಅಂತ ಕಾಮೆನ್ ಹೇಳ್ತಾನೆ ಎಂದ.

ಸ್ಟಾಂಕಾ ಕೈಗವಸು ಕಳಚಿ ನೆವೆನಾಳ ಕೈಯಲ್ಲಿಟ್ಟಳು. "ನಮ್ಮನೆಯವರು ಹೇಳಿದ್ದೇ ಸರಿ ಕಣಮ್ಮ. ಇನ್ನು ನಾನು ಬರಲ್ಲ."

ನೆವೆನಾ ಮೈದಾನಕ್ಕೆ ಓಡಿದಳು. ಕಾಮೆನ್ ವಿದ್ಯಾರ್ಥಿಗಳ ನಡುವೆ ನಿಂತಿದ್ದ. ಅವಳಿಗೆ ಬೇರೆ ಯಾರೂ ಕಾಣಲಿಲ್ಲ.

"ಪರೀಕ್ಷೆ ನಿಲ್ಲಿಸಿದ್ದು ನೀನೇನಾ?"

"ಹೌದು."

"ನಾಚಿಕೆ ಆಗಲ್ವಾ ನಿನಗೆ?"

"ಯಾತಕ್ಕೆ ನಾಚಿಕೆ? ನಾಳೆ ಇನ್ಯಾರೇ ಆಗಿದ್ರೂ ನಿಲ್ಲಿಸ್ತೀನಿ."

"ಹೆಂಗಸರು ಗಟ್ಟಿಯಾದ್ರೆ ನಿನ್ನಂಥವರಿಗೆ ಹೊಟ್ಟೆಯುರಿ. ನೀನು ಕಲಿಸೋನಲ್ಲ, ಕಾಲು ಎಳೆಯೋನು. ನಿನ್ನ ನೆರಳು ಕಂಡ್ರೂ ಅಸಹ್ಯ ನನಗೆ."

ಕಾಮೆನ್‌ನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಸುತ್ತ ನಿಂತವರನ್ನು ನೋಡಿದ, ಮುಚ್ಚಿದ. ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಬರಲಿಲ್ಲ. ಸ್ಟಾಂಕಾ ಕಲಿಯುತ್ತಿದ್ದ ಬೈಕಿನ ಕೀಲಿಯೂ ಇರಲಿಲ್ಲ. ಕಾಮೆನ್ ಜೇಬಿಗೆ ಹಾಕಿಕೊಂಡು ಹೋಗಿದ್ದಾನೆ ಎಂದು ಯಾರೋ ಹೇಳಿದರು. ಇಷ್ಟು ನೀಚನಾ ಇವನು! ಸ್ಟಾಂಕಾಳನ್ನು ಮನೆಯಿಂದ ಎಳೆದುತಂದಾದರೂ ಇದೇ ಬೈಕಿನ ಮೇಲೆ ಕೂರಿಸುತ್ತೇನೆ ಎಂದು ನೆವೆನಾ ನಿರ್ಧರಿಸಿದಳು. ಕಚೇರಿಯಲ್ಲಿದ್ದ ಇನ್ನೊಂದು ಕೀಲಿ ತೆಗೆದುಕೊಂಡು, ಮೊದಲು ತಾನೇ ಓಡಿಸಿ ನೋಡೋಣವೆಂದು ಬೆಕ್ಲೆಮೆತೊ ಘಾಟಿಗೆ ಹೊರಟಳು.

ಹತ್ತುವಾಗ ಎಲ್ಲ ಸರಿಯಿತ್ತು. ಘಾಟಿಯ ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಇಳಿಯುವಾಗ ಮೂರನೇ ತಿರುವಿನಲ್ಲಿ ಮುಂದಿನ ಬ್ರೇಕು ಮೆತ್ತಗೆನಿಸಿತು. ಇನ್ನೊಂದು ತಿರುವಿಗೆ ಬ್ರೇಕಿನ ಹಿಡಿಕೆ ಹ್ಯಾಂಡಲ್‌ಗೇ ಬಂದು ತಾಗಿತು. ಬೈಕು ನಿಲ್ಲಲಿಲ್ಲ.

ಕೆಳಗೆ ಮರದ ದಿಮ್ಮಿ ಹೊತ್ತ ಲಾರಿಯೊಂದು ಮುಕ್ಕಾಲು ರಸ್ತೆ ತುಂಬಿಕೊಂಡು ಹತ್ತಿ ಬರುತ್ತಿತ್ತು.

ಹೆದರಬೇಡ. ಗೇರ್ ಇಳಿಸು... ಎಂದಳು ತನಗೆ ತಾನೇ, ವಿದ್ಯಾರ್ಥಿಗೆ ಹೇಳುವ ದನಿಯಲ್ಲಿ. ಇನ್ನೊಂದು ಗೇರ್ ಇಳಿಸಿದಳು. ಎಂಜಿನ್ ಅರಚಿಕೊಂಡು ವೇಗವನ್ನು ಹಿಡಿದೆಳೆಯಿತು. ಹಿಂದಿನ ಬ್ರೇಕನ್ನು ಒದೆಯದೆ, ನಯವಾಗಿ ಒತ್ತಿದಳು. ಲಾರಿಯನ್ನು ನೋಡಲಿಲ್ಲ. ಅದರಾಚೆ ಎಡಕ್ಕೆ ಏರಿಹೋಗುತ್ತಿದ್ದ ಕಾಡುದಾರಿಯನ್ನು ನೋಡಿದಳು. ಕಣ್ಣು ಹೋದ ಕಡೆಗೇ ಬೈಕೂ ಹೋಗುತ್ತದೆ. ಲಾರಿಯ ಪಕ್ಕದಿಂದ ಬೀಸಿಹೋಗಿ, ಒಡನೆಯೇ ಮೈ ವಾಲಿಸಿ ಆ ಏರಿಗೆ ತಿರುಗಿಸಿದಳು. ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರಿತು, ಸಾವರಿಸಿಕೊಂಡಿತು. ಏರು ಉಳಿದ ವೇಗವನ್ನು ನುಂಗಿಬಿಟ್ಟಿತು. ಬೈಕು ನಿಂತಿತು.

ಅವಳು ಇಳಿದು ದಾರಿಯ ಬದಿಯ ಕಲ್ಲಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇನ್ನೊಂದು ಬೈಕು ಬಂತು. ಕಾಮೆನ್! ಜೇಬಲ್ಲೇ ಉಳಿದಿದ್ದ ಕೀಲಿ ಮರಳಿಸಲು ಶಾಲೆಗೆ ಹೋದವನು ಬೈಕಿನ ಖಾಲಿ ಜಾಗ ನೋಡಿ, ಅವಳು ಘಾಟಿಗೆ ಹೋದಳೆಂದು ಕೇಳಿ ಹಾಗೇ ಓಡಿ ಬಂದಿದ್ದ. ಹೆಲ್ಮೆಟ್ ತೆಗೆದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು ಕೊಟ್ಟರು ನಿನಗೆ ಈ ಗಾಡಿ? ಬ್ರೇಕ್ ಸರಿಯಿಲ್ಲ, ಯಾರಿಗೂ ಕೊಡಬೇಡಿ ಅಂತ ಆ ಮುದುಕ ತೊದೊರ್‌ಗೆ ಬಡ್ಕೊಂಡೆನಲ್ಲ!"

ನೆವೆನಾ ಕಣ್ಣರಳಿಸಿ ನೋಡಿದಳು. "ಬ್ರೇಕಾ? ಸ್ಟಾಂಕಾ ಅಕ್ಕನಿಗೆ ಓಡಿಸೋಕೆ ಬರಲ್ಲ ಅಂತ ತಾನೆ ನೀನು ನಿಲ್ಲಿಸಿದ್ದು?"

"ನಾನಾ? ನಿಧಾನಕ್ಕೆ ತಿರುಗಿಸೋದ್ರಲ್ಲಿ ಅವರು ನಿನಗಿಂತ ಚೆನ್ನಾಗಿದಾರೆ ಅಂದಿದ್ದೆ. ರಿಪೇರಿ ಆಗೋವರೆಗೆ ಪರೀಕ್ಷೆ ಬೇಡ, ಗಾಡಿ ನಿಲ್ಲಿಸಿ ಅಂದೆ. ಅವರನ್ನಲ್ಲ."

ಗಾಡಿ ಕೆಟ್ಟಿದೆ ಎಂದರೆ ಶಾಲೆಗೆ ಕೆಟ್ಟ ಹೆಸರು ಎಂದು ತೊದೊರ್ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ನಿನ್ನೆ ಯಾಕೆ ಹೇಳಲಿಲ್ಲ?" ಅವಳ ದನಿ ಸಣ್ಣದಾಗಿತ್ತು.

"ಅಸಹ್ಯ ಅಂದೆಯಲ್ಲ. ಆಮೇಲೆ ಏನು ಹೇಳೋದು?"

ಕ್ಷಮೆ ಕೇಳುವ ಬದಲು ಅವಳು ಬೈಕಿನ ಕೀಲಿ ತೆಗೆದು ಅವನ ಕೈಗಿಟ್ಟಳು.

ಇಬ್ಬರೂ ಒಟ್ಟಿಗೇ ಹೋಗಿ ತೊದೊರ್‌ನ ಮುಂದೆ ನಿಂತರು. ಅವನು ಮೊದಲು ಹಾರಾಡಿದ. ಲಾರಿಯ ವಿಷಯ ಕೇಳಿದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತ. ಸಂಜೆ ತಾನೇ ಸ್ಟಾಂಕಾಳ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಕೇಳುವಂತೆ ತಪ್ಪೊಪ್ಪಿಕೊಂಡ. ಆದರೆ ಕಾಮೆನ್ ಕೆಲಸಕ್ಕೆ ಮರಳಲಿಲ್ಲ. ಸುಳ್ಳು ಹೇಳುವವನ ಕೈಕೆಳಗೆ ತಾನಿರಲಾರೆ, ಸಮುದ್ರದಂಚಿನ ಬುರ್ಗಾಸ್‌ನಲ್ಲಿ ಬೇರೆ ಕೆಲಸ ನೋಡಿಕೊಂಡಿದ್ದೇನೆ ಎಂದ.

ಮೈದಾನ ಶಾಂತವಾಯಿತು. ನೆವೆನಾ ಇಟ್ಟ ಕಂಬ ಇಟ್ಟಲ್ಲೇ ಇರುತ್ತಿತ್ತು. ಬಯಸಿದ್ದು ಇದೇ ಅಲ್ಲವೇ? ಆದರೂ ಬೆಳಿಗ್ಗೆ ಗೇಟು ಕಿರ್ರೆಂದರೆ ಸಾಕು, ಅವಳ ಕಣ್ಣು ಅತ್ತ ಹೋಗುತ್ತಿತ್ತು. ಬೈಯಲು ಯಾರೂ ಇಲ್ಲದ ದಿನ ಇಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬೈಕು ದುರಸ್ತಿಯಾಗಿ ಬಂತು. ಸ್ಟಾಂಕಾ ಪರೀಕ್ಷೆಗೆ ಕೂತಳು. ನಿಧಾನದ ತಿರುವು, ಎಂಟರ ಆಕಾರ, ಜೋರಾಗಿ ಬಂದು ಗೆರೆಯ ಮೇಲೆ ನಿಲ್ಲಿಸುವುದು, ಎಲ್ಲವನ್ನೂ ಕಾಲು ಊರದೆ ಮುಗಿಸಿದಳು. ಪಾಸಾದ ಸುದ್ದಿ ಕೇಳಿ ಅವಳ ಗಂಡ ಮೈದಾನದ ತಂತಿ ಬೇಲಿಯಾಚೆಯಿಂದ ಚಪ್ಪಾಳೆ ಹೊಡೆದ. ಇವಳು ನನ್ನ ಹೆಂಡತಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅವನ ಪಕ್ಕದಲ್ಲಿ ಕಾಮೆನ್ ನಿಂತಿದ್ದ.

ನೆವೆನಾ ಬೇಲಿಯವರೆಗೆ ನಡೆದುಹೋದಳು. ತಂತಿಯ ಈಚೆ ಅವಳು, ಆಚೆ ಅವನು.

"ಅವತ್ತು ಹೇಳಬಾರದ್ದು ಹೇಳಿದೆ. ಕೇಳದೆ ತೀರ್ಮಾನ ಮಾಡಿದೆ. ಕ್ಷಮಿಸು."

"ನಾನೂ ಬಂದ ದಿನಾನೇ ಸ್ಟಾಂಕಾ ಅಕ್ಕನ ಬಗ್ಗೆ ಕೇಳದೆ ತೀರ್ಮಾನ ಮಾಡಿದ್ದೆ," ಎಂದ ಅವನು. "ಆ ಕಾಡುದಾರಿಯಲ್ಲಿ ನೀನು ಕೂತಿದ್ದು ಕಂಡಾಗ... ನೆವೆನಾ, ನನಗೆ ಬೈಯೋಕಾದ್ರೂ ನೀನು ಬದುಕಿದೀಯಲ್ಲ ಅಂತ ಅಳು ಬಂದಿತ್ತು. ಅದಕ್ಕೇ ಕೂಗಾಡಿದೆ."

ಅವಳ ಕಣ್ಣು ಮಂಜಾಯಿತು. ಬೇರೆ ಕಡೆ ನೋಡಿದಳು.

"ಬುರ್ಗಾಸ್‌ಗೆ ಯಾವಾಗ ಹೊರಡ್ತೀಯ?"

"ಭಾನುವಾರ."

"ಹೋಗಬೇಡ."

ಅವನ ತುಟಿಯಂಚಿನಲ್ಲಿ ನಗು ಇಣುಕಿತು. "ಕೇಳಿಕೊಳ್ತಿದೀಯೋ, ಅಪ್ಪಣೆ ಕೊಡ್ತಿದೀಯೋ?"

"ಕೇಳಿಕೊಳ್ತಿದೀನಿ. ಅಭ್ಯಾಸ ಇಲ್ಲ. ಅದಕ್ಕೇ ಹಾಗೆ ಕೇಳಿಸುತ್ತೆ."

"ಹಾಗಾದ್ರೆ ಇನ್ನೊಂದು ಸಲ ಹೇಳು. ನಿಧಾನಕ್ಕೆ."

ನೆವೆನಾ ತಂತಿಯ ಸಂದಿಯಿಂದ ಬೆರಳು ಚಾಚಿದಳು. ಅವನು ಹಿಡಿದುಕೊಂಡ.

"ಹೋಗಬೇಡ, ಕಾಮೆನ್..." ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.