ನೋಡದೆ ಕೊಟ್ಟ ಪಾಸ್

ಬಾಗಿಲು ತಟ್ಟದೆ ಒಳಗೆ ನುಗ್ಗಿದವನನ್ನು ಕಂಡು ಕತ್ತರಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಬಂದದ್ದು ಏನು ಎನ್ನುವುದನ್ನು ಅವಳು ಬಹಳ ದಿನ ಒಪ್ಪಿಕೊಳ್ಳಲಿಲ್ಲ.

ಕತ್ತರಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಫುಟ್‌ಬಾಲ್ ಕ್ಲಬ್ಬಿನ ಆಟಗಾರರು ಇಟ್ಟದ್ದು. ಪ್ರತಿ ಮ್ಯಾಚಿನ ವಿಡಿಯೊವನ್ನು ತುಂಡು ತುಂಡಾಗಿ ಕತ್ತರಿಸಿ, ಯಾರು ಎಲ್ಲಿ ಎಡವಿದರು, ಯಾರು ಓಡಬೇಕಾದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು ಎಂದು ಕೋಚ್‌ಗೆ ತೋರಿಸುವುದು ಅವಳ ಕೆಲಸ. ಅಂಥವಳನ್ನು ಚಿನ್ನ ರನ್ನ ಅಂತ ಕರೆಯಲು ಅವರಿಗೇನು ಹುಚ್ಚೇ!

"ನನ್ನ ತಪ್ಪುಗಳನ್ನೆಲ್ಲ ಗುಡ್ಡೆ ಹಾಕ್ತಿದ್ದೀರಂತೆ," ಅಂದ ಬಂದವನು. "ಯಾಕೆ, ನನ್ನನ್ನ ಗಂಟುಮೂಟೆ ಕಟ್ಟಿಸಿ ಕಳಿಸೋಕಾ?"

ಮೌನಿ! ಈ ಸೀಸನ್ನಿಗೆ ಹೊರದೇಶದಿಂದ ಬಂದ ಮಿಡ್‌ಫೀಲ್ಡರ್. ಬಂದಾಗಿನಿಂದ ಹೂಂ, ಊಹೂಂ ಬಿಟ್ಟರೆ ಬಾಯಿ ತೆರೆಯದವನು ಇಷ್ಟುದ್ದ ಮಾತಾಡಿದ್ದು ಕೇಳಿ ಅವಳ ಸಿಟ್ಟು ಅರ್ಧ ಇಳಿದೇ ಹೋಯಿತು.

"ಅಬ್ಬಾ, ನಿಮಗೆ ಮಾತು ಬರುತ್ತೆ!"

"ಬೇಕಾದಾಗ ಬರುತ್ತೆ."

"ಹಾಗಾದ್ರೆ ಕೂತ್ಕೊಂಡು ಮಾತಾಡಿ. ನಿಂತ್ರೆ ಪ್ರೊಜೆಕ್ಟರ್‌ಗೆ ಅಡ್ಡ ಆಗ್ತೀರಿ."

ಕೂತ. ಸ್ನಾನ ಮಾಡಿದ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಎಡ ಹುಬ್ಬಿನ ನಡುವೆ ಹಳೆಯ ಗಾಯದ ಗೆರೆ, ಅದರ ಕೆಳಗೆ ಗಂಡಸಿಗೆ ಯಾಕೆ ಬೇಕಿತ್ತು ಅನ್ನಿಸುವಷ್ಟು ಉದ್ದದ ರೆಪ್ಪೆ. ಅವಳು ನೋಡಿದ್ದನ್ನು ಅವನು ನೋಡಿಬಿಟ್ಟ. ಅವಳು ತಟ್ಟನೆ ಪರದೆಯ ಕಡೆ ತಿರುಗಿದಳು.

"ಇದು ಮೊದಲ ಮ್ಯಾಚು. ಇದು ಮಂಜು ಮುಸುಕಿತ್ತಲ್ಲ, ಆ ಮ್ಯಾಚು. ಇದು ಮೊನ್ನೆ ಸೋತದ್ದು."

ಎಲ್ಲದರಲ್ಲೂ ಒಂದೇ ಕಥೆ. ಅವನ ಕಾಲಿನಿಂದ ಹೊರಟ ಚೆಂಡು ಎದುರಾಳಿಗಳ ತಲೆಯ ಮೇಲಿಂದ ಬಾಗಿ, ಮೈದಾನದ ಎಡ ಮೂಲೆಯ ಹತ್ತಿರ ಇಳಿದು, ಯಾರ ಕಾಲಿಗೂ ಸಿಗದೆ ಗೆರೆ ದಾಟಿ ಹೋಗುತ್ತಿತ್ತು. ಜನ ಛೀ ಥೂ ಅನ್ನುತ್ತಿದ್ದರು.

"ಎಷ್ಟು ಚೆನ್ನಾಗಿವೆ ನೋಡಿ ಪಾಸ್‌ಗಳು," ಅಂದಳು ಕತ್ತರಿ. "ಒಂದೇ ತೊಂದರೆ, ಅಲ್ಲಿ ಯಾರೂ ಇಲ್ಲ. ನೀವೂ ಒಂದ್ಸಲಾನೂ ಆ ಕಡೆ ತಿರುಗಿ ನೋಡಲ್ಲ. ಯಾರಿಗೆ ಕೊಡ್ತಿದ್ದೀರಿ ಸ್ವಾಮಿ, ಗಾಳಿಗಾ?"

ತಮಾಷೆಗೆ ಕೇಳಿದ್ದು. ಆದರೆ ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಎದ್ದು ನಿಂತು ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದ.

"ಕ್ಷಮಿಸಿ," ಅಂದ. "ಬಾಗಿಲು ತಟ್ಟಬೇಕಿತ್ತು."

ಅವಳು ಇಡೀ ದಿನ ನಾಲಿಗೆ ಕಚ್ಚಿಕೊಂಡು ಕೂತಳು.

ಅವನ ಬಗ್ಗೆ ಕ್ಲಬ್ಬಿನಲ್ಲಿ ಗೊತ್ತಿದ್ದದ್ದು ಇಷ್ಟೇ. ಹುಟ್ಟಿದ ದೇಶದ ದೊಡ್ಡ ಕ್ಲಬ್ಬಿಗೆ ಕ್ಯಾಪ್ಟನ್ ಆಗಿದ್ದ, ದೇಶದ ಜರ್ಸಿ ತೊಟ್ಟಿದ್ದ, ಪತ್ರಿಕೆಗಳು ಅವನನ್ನು ಹೊತ್ತು ಮೆರೆಸಿದ್ದವು. ಅಂಥವನು ಎಲ್ಲವನ್ನೂ ಬಿಟ್ಟು, ಗೆದ್ದರೂ ಸುದ್ದಿಯಾಗದ ಈ ಕ್ಲಬ್ಬಿಗೆ ಬಂದದ್ದು ಯಾಕೆ? ಯಾವಳೋ ಕೈಕೊಟ್ಟಿರಬೇಕು ಅಂತ ಅಳಿಲು ಹೇಳಿಕೊಂಡು ತಿರುಗುತ್ತಿದ್ದ. ಅಳಿಲು ಅಂದರೆ ತಂಡದಲ್ಲಿ ಎಡಗಡೆ ಓಡುವ ಆಟಗಾರ. ಕಾಲಿನಷ್ಟೇ ಚುರುಕು ಬಾಯಿ ಅವನದು.

ಕತ್ತರಿ ಮೌನಿಯ ಹಳೆಯ ಮ್ಯಾಚುಗಳನ್ನು ತರಿಸಿ ನೋಡಿದಳು. ಅದೇ ಪಾಸ್, ಅದೇ ಬಾಗು, ನೋಡದೆ ಕೊಡುವ ಅದೇ ಠೀವಿ. ಆದರೆ ಅಲ್ಲಿ ಪಾಸಿನ ಕೊನೆಗೆ ಒಬ್ಬ ಇದ್ದ. ಕಡ್ಡಿಯಂತೆ ತೆಳ್ಳಗಿನ ಹುಡುಗ, ಮೌನಿಯದೇ ಮೂಗು, ಎಲ್ಲಿಂದಲೋ ಹಾರಿ ಬಂದವನಂತೆ ಬಂದು ಚೆಂಡನ್ನು ಎತ್ತಿಕೊಂಡು ಹೋಗುತ್ತಿದ್ದ. ಗೋಲಾದರೆ ಅಣ್ಣನ ಬೆನ್ನ ಮೇಲೆ ಕೂತುಬಿಡುತ್ತಿದ್ದ. ಹೌದು, ತಮ್ಮನೇ. ಕಾಫಿ ತಣ್ಣಗಾಗಿದ್ದೂ ಗೊತ್ತಾಗದೆ ಅವಳು ನೋಡಿದಳು, ನಕ್ಕಳು, ಒಬ್ಬಳೇ ಚಪ್ಪಾಳೆ ತಟ್ಟಿದಳು. ಕೊನೆಯ ಮ್ಯಾಚಿನಲ್ಲಿ ಆ ಹುಡುಗ ಚೆಂಡಿನ ಹಿಂದೆ ಓಡುತ್ತಾ ಓಡುತ್ತಾ ಮುಗ್ಗರಿಸಿ ಬಿದ್ದ. ಮತ್ತೆ ಏಳಲಿಲ್ಲ.

ಅವತ್ತಿನಿಂದ ಅವಳ ಕೆಲಸವೇ ಬೇರೆಯಾಯಿತು. ಪರದೆಯ ಮೇಲೆ ಖಾಲಿ ಎಡ ಮೂಲೆ ಬಂದಾಗಲೆಲ್ಲ ವಿಡಿಯೊ ನಿಲ್ಲಿಸುತ್ತಿದ್ದಳು. ಯಾರೋ ಈಗಷ್ಟೇ ಚೌಕಟ್ಟಿನಿಂದ ಆಚೆ ಓಡಿದ ಹಾಗೆ, ಒಂದು ಗಳಿಗೆ ಮುಂಚೆ ನಿಲ್ಲಿಸಿದ್ದರೆ ಸಿಕ್ಕಿಬಿಡುತ್ತಿದ್ದ ಹಾಗೆ ಅನ್ನಿಸುತ್ತಿತ್ತು. ಹಿಂದಕ್ಕೆ ತಿರುಗಿಸಿ ಹುಡುಕುತ್ತಿದ್ದಳು. ಹುಲ್ಲು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಮೌನಿ ಮತ್ತೆ ಬಂದ. ಈ ಸಲ ಬಾಗಿಲನ್ನು ಎಷ್ಟು ಜೋರಾಗಿ ತಟ್ಟಿದನೆಂದರೆ ಪಕ್ಕದ ರೂಮಿನವರು ಇಣುಕಿ ನೋಡಿದರು.

"ಸಾಕಾ, ಇನ್ನೊಂದ್ಸಲ ತಟ್ಟಲಾ?"

"ಬಾಗಿಲು ಉಳಿದಿದ್ರೆ ಒಳಗೆ ಬನ್ನಿ."

ಆಮೇಲೆ ಪ್ರಾಕ್ಟೀಸ್ ಮುಗಿದ ಮೇಲೆ ಅಲ್ಲಿಗೆ ಬರುವುದೇ ಅವನಿಗೆ ರೂಢಿಯಾಯಿತು. ಮೆಷಿನ್ ಕಾಫಿ ಎರಡು ಲೋಟ ತರುತ್ತಿದ್ದ, ಒಂದರಲ್ಲಿ ಸಕ್ಕರೆ ಯಾವಾಗಲೂ ಜಾಸ್ತಿ. ಯಾವುದು ತನ್ನದು ಅಂತ ಅವಳು ಕೇಳಿದರೆ, "ಯಾರ ಬಾಯಿ ಖಾರವೋ ಅವರಿಗೆ ಸಿಹಿ" ಅನ್ನುತ್ತಿದ್ದ. ಲೋಟ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ತಾಗಲೇ ಇಲ್ಲ ಎನ್ನುವ ಹಾಗೆ ಪರದೆಯನ್ನು ದಿಟ್ಟಿಸುತ್ತಿದ್ದರು. ಪರದೆ ಎಷ್ಟೋ ಸಲ ಆಫ್ ಆಗಿಯೇ ಇರುತ್ತಿತ್ತು.

ಒಂದು ದಿನ ಅವನೇ ಬಾಯಿಬಿಟ್ಟ. "ನೀವು ನೋಡಿದ್ದೀರಿ. ಹಳೇ ಮ್ಯಾಚು."

"ಹೇಗೆ ಗೊತ್ತಾಯ್ತು?"

"ಆ ಪಾಸಿಗೆ ನನ್ನನ್ನ ಬೈಯೋದನ್ನೇ ಬಿಟ್ಟಿದ್ದೀರಲ್ಲ."

ಅವಳು ತಲೆ ತಗ್ಗಿಸಿದಳು.

"ಪುಟ್ಟ ಅಂತ ಕರೀತಿದ್ದೆ," ಅಂದ. "ಹೃದಯದ ತೊಂದರೆ ಅಂದ್ರು ಡಾಕ್ಟರು, ಹುಟ್ಟಿದಾಗಿಂದ ಇತ್ತಂತೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ನಾನು ಪಾಸ್ ಕೊಟ್ಟೆ, ಅವನು ಓಡ್ದ. ಅಷ್ಟೇ."

"ಈಗ ಆ ಕಡೆ ಯಾಕೆ ನೋಡಲ್ಲ ನೀವು?"

"ನೋಡಿದ್ರೆ ಅಲ್ಲಿ ಯಾರೂ ಇರಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ನೋಡದೇ ಇದ್ರೆ, ಚೆಂಡು ನನ್ನ ಕಾಲು ಬಿಟ್ಟ ಮೇಲೆ ಒಂದು ಕ್ಷಣ ಅವನು ಓಡ್ತಾನೇ ಇರ್ತಾನೆ. ಆ ಒಂದು ಕ್ಷಣಕ್ಕೋಸ್ಕರಾನೇ ಇನ್ನೂ ಆಡ್ತಿದ್ದೀನಿ. ಹುಚ್ಚು ಅನ್ನಿ ಬೇಕಾದ್ರೆ."

ಅವಳು ಅನ್ನಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು.

ಅದೇ ವಾರ ಕೋಚ್ ಅವಳನ್ನು ಕರೆದು ಖಡಾಖಂಡಿತವಾಗಿ ಹೇಳಿದರು. "ಇನ್ನೊಂದ್ಸಲ ಆ ಚೆಂಡು ಮೂಲೆಯಿಂದ ಆಚೆ ಹೋಗಲಿ, ಅವನನ್ನ ಬೆಂಚಿನ ಮೇಲೆ ಕೂರಿಸ್ತೀನಿ. ಸೀಸನ್ ಮುಗೀತಿದ್ದ ಹಾಗೆ ನಮಸ್ಕಾರ."

ಅವನು ಹೊರಟುಹೋಗುತ್ತಾನೆ ಅನ್ನುವುದೊಂದೇ ಅವಳ ತಲೆಯಲ್ಲಿ ಕೂತಿತು. ಅದಕ್ಕೇ, ಹಗಲಿಡೀ ಮ್ಯಾಚು ಕತ್ತರಿಸಿ ಜೋಡಿಸುವವಳಿಗೆ ಮಾತ್ರ ಹೊಳೆಯುವಂಥ ಉಪಾಯ ಮಾಡಿದಳು. ಅಳಿಲನ್ನು ಕರೆದು, "ಮೌನಿ ಎಡಗಾಲನ್ನ ಹಿಂದಕ್ಕೆ ತೆಗೆದ ಅಂದ್ರೆ ಕಣ್ಣು ಮುಚ್ಚಿ ಮೂಲೆಗೆ ಓಡು. ಚೆಂಡು ತಾನೇ ಬರುತ್ತೆ. ಯಾರಿಗೂ ಹೇಳ್ಬೇಡ" ಅಂದಳು.

ಮುಂದಿನ ಮ್ಯಾಚಿನಲ್ಲಿ ಬಂತು! ಅಳಿಲು ಓಡಿದ, ಚೆಂಡು ಅವನ ಕಾಲಿಗೇ ಹುಡುಕಿಕೊಂಡು ಬಂದ ಹಾಗೆ ಬಿತ್ತು, ಗೋಲು. ಸ್ಟೇಡಿಯಂ ಎದ್ದು ಕುಣಿಯಿತು. ಕ್ಯಾಮೆರಾ ಅಟ್ಟಣೆಯ ಮೇಲಿದ್ದ ಕತ್ತರಿಯೂ ಕುಣಿದಳು. ಆಮೇಲೆ ಅವಳ ಕಣ್ಣು ಕ್ಯಾಮೆರಾದ ಪರದೆಯ ಮೇಲೆ ಬಿತ್ತು.

ಸದ್ದು ಕೇಳಿ ತಿರುಗಿದ ಮೌನಿ ಎರಡೂ ಕೈ ಚಾಚಿ ಮೂಲೆಗೆ ಓಡುತ್ತಿದ್ದ. ಬಾಯಿ ತುಂಬಾ ಏನನ್ನೋ ಕೂಗುತ್ತಿದ್ದ. ಪುಟ್ಟ, ಪುಟ್ಟ ಅಂತ ತುಟಿಯಲ್ಲೇ ಓದಬಹುದಿತ್ತು. ಓಡಿ ಹೋಗಿ ಬಾಚಿ ತಬ್ಬಿಕೊಂಡ. ತಬ್ಬಿಕೊಂಡವನ ಮುಖವನ್ನು ನೋಡಿದ. ಅವನ ಕೈಗಳು ಹಾಗೇ ಕೆಳಗೆ ಜಾರಿದವು.

ಅಳಿಲಿನ ಬಾಯಲ್ಲಿ ಮಾತು ನಿಂತ ಉದಾಹರಣೆ ಇಲ್ಲ. ಡ್ರೆಸ್ಸಿಂಗ್ ರೂಮಿನಲ್ಲೇ ಎಲ್ಲ ಒದರಿದ. ಮೌನಿ ನೇರ ವಿಡಿಯೊ ರೂಮಿಗೆ ಬಂದು ಹೊಸ್ತಿಲಲ್ಲೇ ನಿಂತ.

"ಅವನ ಜಾಗದಲ್ಲಿ ಬೇರೆಯವರನ್ನ ನಿಲ್ಲಿಸಿದ್ರಿ."

"ನಿಮ್ಮನ್ನ ಇಲ್ಲಿ ಉಳಿಸ್ಕೊಳ್ಳೋಕೆ…"

"ನನಗಿದ್ದಿದ್ದು ಆ ಒಂದು ಕ್ಷಣ. ಅದನ್ನೂ ಕತ್ತರಿಸಿಬಿಟ್ರಿ."

ಮರುದಿನ ಅವನು ಪ್ರಾಕ್ಟೀಸಿಗೆ ಬರಲಿಲ್ಲ. ಕರಾರು ಮುರಿದುಕೊಂಡು ಇನ್ನೊಂದು ದೇಶಕ್ಕೆ ಹೋಗುತ್ತಾನಂತೆ ಅಂತ ಸುದ್ದಿ ಬಂತು. ಎರಡು ದಿನ ಒದ್ದಾಡಿ, ಮೂರನೆಯ ದಿನ ಬೆಳಗ್ಗೆ ಅವಳು ಅವನ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದದ್ದು ಅವನ ಅಮ್ಮ. ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಟ್ಟರು.

"ನೀನೇನಮ್ಮ ಕತ್ತರಿ? ಇಷ್ಟು ಮೆತ್ತಗಿದ್ದೀಯ, ನಾನೇನೋ ಅನ್ಕೊಂಡಿದ್ದೆ."

"ಕ್ಷಮೆ ಕೇಳೋಕೆ ಬಂದೆ ಅಮ್ಮ. ನಿಮ್ಮನ್ನೂ ಕೇಳಬೇಕು."

ಅಮ್ಮ ಪೆಟ್ಟಿಗೆಯೊಂದರ ಮೇಲೆ ಕೂತರು. "ಮೊನ್ನೆ ಟಿವಿಯಲ್ಲಿ ನೋಡ್ದೆ. ಮೂಲೆಗೆ ಓಡಿ ಬಂದನಲ್ಲ ಆ ಹುಡುಗ, ನನಗೇ ಗೊತ್ತಿಲ್ಲದ ಹಾಗೆ 'ನಿಧಾನ ಕಣೋ ಪುಟ್ಟ' ಅಂದುಬಿಟ್ಟೆ. ಆಮೇಲೆ ಗೊತ್ತಾಯ್ತು. ಅತ್ತುಬಿಟ್ಟೆ, ಮನಸಾರೆ ಅತ್ತೆ. ಆದ್ರೂ ಆ ಗಳಿಗೇನ ನಾನು ಯಾರಿಗೂ ಬಿಟ್ಟುಕೊಡಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಇವನು ದೇಶ ಬದಲಾಯಿಸಿದ, ಮನೆ ಬದಲಾಯಿಸಿದ. ಪುಟ್ಟನೂ ಸಾಮಾನಿನ ಜೊತೆ ಬಂದೇಬಿಟ್ಟ. ಇನ್ನೊಂದು ದೇಶಕ್ಕೆ ಹೋದ್ರೆ ಬರಲ್ವಾ? ನೀನಾದ್ರೂ ಹೇಳಮ್ಮ. ಬಾಲ್ಕನಿಯಲ್ಲಿದ್ದಾನೆ."

ಬಾಲ್ಕನಿಯಲ್ಲಿ ಅವನು ಬೆನ್ನು ಹಾಕಿಯೇ ನಿಂತಿದ್ದ. ಕೆಳಗೆ ಬೀದಿಯಲ್ಲಿ ಟ್ರಕ್ಕೊಂದು ಹಿಂದಕ್ಕೆ ಬರುತ್ತಾ ಕೂಗುತ್ತಿತ್ತು. ಅದು ನಿಲ್ಲುವವರೆಗೆ ಅವಳು ಕಾದಳು.

"ತಪ್ಪು ಮಾಡ್ದೆ," ಅಂದಳು. "ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಇನ್ನೊಂದು ವಿಷಯ, ಹೇಳಿಬಿಟ್ಟು ಹೋಗ್ತೀನಿ. ನೀವಂದ್ರೆ ನನಗೆ ಪ್ರಾಣ. ನೀವು ದೇಶ ಬಿಟ್ಟ ಮೇಲೆ ಇದನ್ನೆಲ್ಲ ಫೋನಲ್ಲಿ ಹೇಳೋದು ನನ್ನ ಕೈಲಾಗಲ್ಲ."

ಅವನು ತಿರುಗಿದ. ನಿದ್ದೆಯಿಲ್ಲದ ಕಣ್ಣು. "ನನ್ನ ಜೊತೆ ಅವನೂ ಇರ್ತಾನೆ. ಯಾವಾಗ್ಲೂ."

"ಗೊತ್ತು. ನನ್ನ ರೂಮಿಗೂ ಬರ್ತಾನೆ. ಖಾಲಿ ಹುಲ್ಲಿನ ಮುಂದೆ ಅವನನ್ನ ಹುಡುಕ್ತಾ ಎಷ್ಟು ಹೊತ್ತು ಕೂತಿರ್ತೀನೋ ನನಗೇ ನಾಚಿಕೆ ಆಗುತ್ತೆ."

ಅವನು ಅವಳನ್ನು ಹೊಸದಾಗಿ ನೋಡುವವನಂತೆ ನೋಡಿದ.

"ಮುಂದಿನ ಮ್ಯಾಚು ಆಡ್ತೀನಿ," ಅಂದ ಕೊನೆಗೆ. "ಆಮೇಲಿಂದು ಆಮೇಲೆ."

ಆ ಮ್ಯಾಚಿನ ದಿನ ಅವಳು ಅಟ್ಟಣೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದಳು. ಎರಡನೆಯ ಅರ್ಧದಲ್ಲಿ ಚೆಂಡು ಮೈದಾನದ ನಡುವೆ ಅವನ ಕಾಲಿಗೆ ಬಂತು. ಭುಜ ವಾಲಿತು, ಎಡಗಾಲು ಹಿಂದಕ್ಕೆ ಹೋಯಿತು. ಅಳಿಲು ಈ ಸಲ ತನ್ನ ಪಾಡಿಗೆ ಬೇರೆಲ್ಲೋ ಇದ್ದ.

ಕಾಲು ಗಾಳಿಯಲ್ಲೇ ನಿಂತಿತು. ಮೌನಿಯ ತಲೆ ಮೆಲ್ಲಗೆ ಎಡಕ್ಕೆ ತಿರುಗಿತು. ಅಷ್ಟೊಂದು ವಿಡಿಯೊ ನೋಡಿದವಳು ಚೆಂಡು ಒದೆಯುವ ಮುಂಚೆ ಅವನು ಹಾಗೆ ತಿರುಗಿದ್ದನ್ನು ಯಾವತ್ತೂ ಕಂಡಿರಲಿಲ್ಲ. ಅವನು ನೋಡಿದ. ನೋಡುತ್ತಲೇ ನಿಂತ. ಎದುರಾಳಿಯೊಬ್ಬ ಬಂದು ಕಾಲಿನಿಂದ ಚೆಂಡನ್ನು ಕಿತ್ತುಕೊಂಡು ಹೋದರೂ ಅವನಿಗೆ ಪರಿವೆ ಇರಲಿಲ್ಲ. ಜನ ಬೊಬ್ಬೆ ಹೊಡೆದರು. ಕೋಚ್ ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದರು. ಕತ್ತರಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಒಂದು ಚೆಂಡು ಹೋದ್ರೆ ಇಷ್ಟೊಂದು ಅಳೋದಾ?" ಅಂತ ಪಕ್ಕದ ಕ್ಯಾಮೆರಾದವನು ಗಾಬರಿಯಾಗಿ ಕೇಳಿದ.

ಮ್ಯಾಚು ಡ್ರಾ ಆಯಿತು. ಜನ ಗೊಣಗುತ್ತಾ ಮನೆಗೆ ಹೋದರು. ಸಂಜೆಯ ಬಿಸಿಲು ಇನ್ನೂ ಇತ್ತು, ಅವಳು ಇಳಿದು ಬಂದಾಗ ಅವನು ಮೈದಾನದ ನಡುವೆ ಒಬ್ಬನೇ ನಿಂತಿದ್ದ. ಬೂಟು ಕೈಯಲ್ಲಿತ್ತು.

"ನೋಡ್ದೆ," ಅಂದ.

"ಏನು ಕಾಣಿಸ್ತು?"

"ಹುಲ್ಲು." ಬೂಟು ಹಿಡಿದ ಕೈಯಲ್ಲೇ ಮೂಲೆಯ ಕಡೆ ತೋರಿಸಿದ. "ಬರೀ ಹುಲ್ಲು." ಮುಖ ಮುಚ್ಚಿಕೊಂಡು ಅತ್ತ. ತಮ್ಮ ಸತ್ತದ್ದು ಇವತ್ತೇ ಎನ್ನುವ ಹಾಗೆ ಅತ್ತ. ಅವಳು ಅವನ ತೋಳು ಹಿಡಿದುಕೊಂಡು ನಿಂತಳು. ಸುಮ್ಮನಿರಿ ಅನ್ನಲಿಲ್ಲ.

"ಕ್ಲಬ್ಬಿನ ಮ್ಯಾನೇಜರ್‌ಗೆ ಹೇಳ್ತೀನಿ, ನಾನು ಎಲ್ಲೂ ಹೋಗಲ್ಲ ಅಂತ," ಅಂದ, ಅಳು ಇಳಿದ ಮೇಲೆ. "ಬೆಂಚಿನ ಮೇಲೆ ಕೂರಿಸಿದ್ರೂ ಸರಿ. ಆದ್ರೆ ನೀವು ಒಂದು ಮಾಡ್ತೀರಾ? ಹೋಗಿ ಆ ಮೂಲೆಯಲ್ಲಿ ನಿಂತ್ಕೊಳ್ತೀರಾ? ಒಂದೇ ಒಂದ್ಸಲ. ಅಷ್ಟು ಖಾಲಿ ನನಗೆ ನೋಡೋಕಾಗ್ತಿಲ್ಲ."

ಅವನು ಕೇಳಿದರೆ ಅವಳು ಎಲ್ಲಿಗೆ ಬೇಕಾದರೂ ಹೋಗುವವಳೇ. ಕಾಲು ಆಗಲೇ ಎರಡು ಹೆಜ್ಜೆ ಇಟ್ಟಾಗಿತ್ತು. ಆದರೆ ನಿಂತಳು. ತಿರುಗಿ ಬಂದಳು.

"ಇಲ್ಲ," ಅಂದಳು. "ಅದು ಪುಟ್ಟನ ಜಾಗ. ಅಲ್ಲಿ ನಾನು ನಿಲ್ಲಲ್ಲ. ಇಲ್ಲಿ ನಿಲ್ತೀನಿ, ನಿಮ್ಮ ಪಕ್ಕ. ಇಬ್ರೂ ನೋಡೋಣ."

ಅವನು ಬೂಟನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡ. ಅಂಗೈ ಒದ್ದೆಯಾಗಿತ್ತು. ಎಡ ಮೂಲೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಆ ಕಡೆಗೆ ಇಬ್ಬರೂ ನೋಡುತ್ತಾ ನಿಂತರು.

"ಅವನಿಗೆ ಬಲಗಾಲಲ್ಲಿ ಒದೆಯೋಕೆ ಬರ್ತಾನೇ ಇರಲಿಲ್ಲ ಗೊತ್ತಾ?" ಅಂದ ಅವನು, ಅಳುವಿನ ನಡುವೆಯೇ ನಗು ಒಡೆದು. "ಎಷ್ಟು ಹೇಳಿಕೊಟ್ರೂ ಇಲ್ಲ. ನಮ್ಮನೆ ಕಿಟಕಿ ಗಾಜೆಲ್ಲ ಹೋಗಿದ್ದು ಆ ಬಲಗಾಲಿಂದಾನೇ."

"ಹೇಳಿ," ಅಂದಳು ಅವಳು. "ಮೊದಲಿಂದ ಹೇಳಿ."